ನಿಂತ ವಿಮಾನದಲ್ಲಿ ಲೋಹಕ್ಷಯ

ಅಮೆರಿಕದ ಕ್ಯಾನ್ಸಾಸ್ ಪ್ರಾಂತದಲ್ಲಿ ಸೆಸ್ನಾ ಕಂಪನಿಯವರು 1956ರಿಂದ ತಯಾರಿಸುತ್ತ ಬಂದಿರುವ 172 ಎಂಬ ನಾಲ್ಕು ಆಸನಗಳ ವಿಮಾನವು ಈವರೆಗೆ 44,000ಕ್ಕೂ ಮಿಕ್ಕಿ ನಿರ್ಮಾಣವಾಗಿ, ಸಂಖ್ಯೆಯಲ್ಲಿ ಲೋಕದ ಬೇರಾವ ವಿಮಾನವೂ ಸರಿಗಟ್ಟದ ಸ್ಥಾನವನ್ನು ಪಡೆದಿದೆ. 1986ರಲ್ಲಿ ಆ ಕಂಪನಿಯವರು ಇಂಥ ಒಂಟಿ ಎಂಜಿನ್ನಿನ ಚಿಕ್ಕ ವಿಮಾನಗಳ ತಯಾರಿಕೆಯನ್ನು ನಿಲ್ಲಿಸಿ, ಸುಮಾರು ಹತ್ತು ವರ್ಷಗಳ ತರುವಾಯ ಪುನಃ ಆರಂಭಿಸಿದರಾದರೂ, ಹೊಸ ವಿಮಾನದ ಬೆಲೆಯು ಸಾಮಾನ್ಯ ಗೃಹಸ್ಥನ ಕೈಗೆ ನಿಲುಕದಷ್ಟು ಏರಿಹೋದುದರಿಂದ, ಸ್ವಂತಕ್ಕೊಂದು ವಿಮಾನವನ್ನು ಇಟ್ಟುಕೊಳ್ಳಬಯಸುವವರು ಅಲ್ಲಿ ಇಂದಿಗೂ ನಲವತ್ತು, ಐವತ್ತು, ಅರವತ್ತು ವರ್ಷ ವಯಸ್ಸಾದ ಸೆಸ್ನಾ, ಪೈಪರ್, ಬೀಚ್‌ಕ್ರಾಫ್ಟ್, ಮೂನಿ ವಿಮಾನಗಳನ್ನೇ ಅರಸುತ್ತಾರೆ. ಕೊಳ್ಳುವವನ ದೃಷ್ಟಿ ಮೊದಲು ಹರಿಯುವುದು ಎಂಜಿನ್ ಎಷ್ಟು ತಾಸು ಓಡಿದೆ, ರೇಡಿಯೊ ಯಾವುದು, ಬಣ್ಣ ಹೇಗಿದೆ ಎಂಬುದರ ಕಡೆಗೆ. ಎಂಜಿನ್ನನ್ನು ಬಿಚ್ಚಿ ಮರುಜೋಡಿಸಬಹುದು; ರೇಡಿಯೊ ಬದಲಿಸಬಹುದು; ಬಣ್ಣವನ್ನಂತೂ ಯಾವಾಗ ಬೇಕಾದರೂ ಬಳಿಸಬಹುದು. ಆದರೆ ರೆಕ್ಕೆಯ ಭಾರವನ್ನೆಲ್ಲ ಹೊರುವ ಸ್ಪಾರ್ ಎಂಬ ತೊಲೆಯನ್ನು ಲೋಹಕ್ಷಯವು ಒಳಗಿಂದೊಳಗೇ ತಿಂದಿದ್ದರೆ, ಅದರ ದುರಸ್ತಿಯ ವೆಚ್ಚವು ಎಷ್ಟೋ ವೇಳೆ ವಿಮಾನದ ಬೆಲೆಯನ್ನೇ ಮೀರುವುದುಂಟು. ಆದಕಾರಣ ಹಳೆಯ ವಿಮಾನವನ್ನು ಕೊಳ್ಳುವವನು ಅದು ಹಾರಿದ ತಾಸುಗಳನ್ನು ಎಣಿಸುವುದಕ್ಕೆ ಮುಂಚೆ ಅದು ನಿಂತ ಸ್ಥಳವನ್ನೂ ನಿಂತ ಕಾಲವನ್ನೂ ವಿಚಾರಿಸಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಶುದ್ಧ ಅಲ್ಯೂಮಿನಿಯಮ್ ಗಾಳಿ ಸೋಕಿದೊಡನೆಯೇ ಆಕ್ಸೈಡಿನ ಅತಿ ತೆಳುವಾದ ಪೊರೆಯನ್ನು ತಳೆದು ತನ್ನನ್ನು ತಾನೇ ರಕ್ಷಿಸಿಕೊಳ್ಳುತ್ತದೆ. ಆದರೆ ವಿಮಾನಕ್ಕೆ ಬೇಕಾದ ಬಲ ಅದಕ್ಕಿಲ್ಲ. ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬ ಲೋಹವಿಜ್ಞಾನಿಯು 1906ರಲ್ಲಿ, ತಾಮ್ರವನ್ನೂ ಮೆಗ್ನೀಸಿಯಮ್ಮನ್ನೂ ಬೆರೆಸಿದ ಅಲ್ಯೂಮಿನಿಯಮ್ಮನ್ನು ಕಾಯಿಸಿ ತಟ್ಟನೆ ತಣಿಸಿ ಕೆಲವು ದಿನ ಬಿಟ್ಟರೆ ಅದು ತಾನಾಗಿಯೇ ಗಟ್ಟಿಯಾಗುವುದೆಂಬುದನ್ನು ಕಂಡುಕೊಂಡನು. ಡ್ಯೂರಾಲ್ಯುಮಿನ್ ಎಂದು ಪ್ರಸಿದ್ಧವಾದ ಆ ಮಿಶ್ರಲೋಹದ ಸಂತತಿಗೆ ಸೇರಿದುದೇ ಇಂದಿನ 2024 ಎಂಬ ತಗಡು. ಅದರಲ್ಲಿ ನೂರಕ್ಕೆ ನಾಲ್ಕು ಭಾಗಕ್ಕಿಂತ ತುಸು ಹೆಚ್ಚು ತಾಮ್ರವಿರುತ್ತದೆ. ಬಲವನ್ನು ಕೊಟ್ಟ ತಾಮ್ರವೇ ಕ್ಷಯಕ್ಕೂ ಕಾರಣವಾಗುತ್ತದೆ: ತಾಮ್ರ ಹೆಚ್ಚಾಗಿರುವ ಕಣಕ್ಕೂ ಅದರ ಸುತ್ತಣ ಅಲ್ಯೂಮಿನಿಯಮ್ಮಿಗೂ ನಡುವೆ ಉಪ್ಪುನೀರಿನ ಹನಿಯೊಂದು ಬಿದ್ದರೆ ಅಲ್ಲಿ ಸೂಕ್ಷ್ಮವಾದೊಂದು ವಿದ್ಯುತ್ಕೋಶವೇ ಏರ್ಪಟ್ಟು ಅಲ್ಯೂಮಿನಿಯಮ್ ಕರಗತೊಡಗುತ್ತದೆ. ಇದನ್ನು ತಡೆಯಲೆಂದು ತಗಡಿನ ಎರಡು ಮೈಗಳಿಗೂ ಶುದ್ಧ ಅಲ್ಯೂಮಿನಿಯಮ್ಮಿನ ಪದರವನ್ನು ಒತ್ತಿ ಕೂಡಿಸುತ್ತಾರೆ. ಆಲ್‌ಕ್ಲ್ಯಾಡ್ ಎಂಬುದು ಅದೇ. ತೆಳುವಾದ ತಗಡಿನಲ್ಲಿ ಈ ಪದರವು ಒಂದೊಂದು ಮೈಗೆ ಒಟ್ಟು ದಪ್ಪದ ನೂರಕ್ಕೆ ಐದು ಭಾಗ ಮಾತ್ರ, ಎಂದರೆ 0.8 ಮಿಲಿಮೀಟರ್ ತಗಡಿಗೆ ರಕ್ಷಣೆ ಕೊಡುವುದು 0.04 ಮಿಲಿಮೀಟರ್ ದಪ್ಪದ ಹೊದಿಕೆ. ಹಳೆಯ ಬಣ್ಣವನ್ನು ಮರಳುಕಾಗದದಿಂದ ಉಜ್ಜಿ ತೆಗೆಯುವವನ ಕೈ ಕೊಂಚ ಬಿರುಸಾದರೂ ಅದು ಹೊರಟುಹೋಗುತ್ತದೆ. ಇದಕ್ಕೆ ಮಿಗಿಲಾಗಿ, 1986ಕ್ಕೆ ಹಿಂದಿನ ಸೆಸ್ನಾ ವಿಮಾನಗಳಲ್ಲಿ ಒಳಮೈಗೆ ರಕ್ಷಕ ಪ್ರೈಮರ್ ಬಳಿಯುವುದು ಹೆಚ್ಚಿನ ಹಣಕ್ಕೆ ದೊರೆಯುವ ಸೌಕರ್ಯವಾಗಿದ್ದುದರಿಂದ, ಅನೇಕ ವಿಮಾನಗಳ ಒಳಗಡೆಯ ಲೋಹವು ಬರಿಮೈಯಲ್ಲಿಯೇ ಇಷ್ಟು ಕಾಲ ಕಳೆದಿದೆ.

ಉಪ್ಪಿನ ಕಣವು ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 75ನ್ನು ಮುಟ್ಟಿದೊಡನೆ ತಾನೇ ತೇವವನ್ನು ಹೀರಿ ದ್ರವವಾಗುತ್ತದೆ. ಮಳೆಯೇ ಬೇಕೆಂಬುದಿಲ್ಲ, ಕಡಲತೀರದ ರಾತ್ರಿಯ ಗಾಳಿ ಸಾಕು. ಫ್ಲಾರಿಡಾದ ಕರಾವಳಿಯಲ್ಲಿ ಬಯಲಿನಲ್ಲಿ ನಿಂತ ವಿಮಾನಕ್ಕೂ ಅರಿಜೋನಾದ ಮರುಭೂಮಿಯಲ್ಲಿ ನಿಂತ ವಿಮಾನಕ್ಕೂ ಅಜಗಜಾಂತರವಿರುವುದು ಇದರಿಂದಲೇ. ಅಮೆರಿಕದ ವಾಯುಪಡೆಯವರು ತಮ್ಮ ಬಳಕೆ ತಪ್ಪಿದ ಸಾವಿರಾರು ವಿಮಾನಗಳನ್ನು ಅರಿಜೋನಾದ ಟೂಸಾನ್ ನಗರದ ಡೇವಿಸ್-ಮಾಂಥನ್ ನೆಲೆಯಲ್ಲಿ ಬಯಲಿನಲ್ಲಿಯೇ ಇರಿಸಿರುವುದು ಅಲ್ಲಿನ ಒಣಹವೆಯನ್ನು ನಂಬಿ. ಉಪ್ಪುಗಾಳಿಯ ಪರಿಣಾಮಕ್ಕೆ ನಿದರ್ಶನವಾಗಿ, ಚಿಕ್ಕ ವಿಮಾನವಲ್ಲದಿದ್ದರೂ, ಹವಾಯಿ ದ್ವೀಪಗಳ ನಡುವೆ ಹಾರಾಡುತ್ತಿದ್ದ ಅಲೋಹಾ ಏರ್‌ಲೈನ್ಸ್‌ನವರ ಬೋಯಿಂಗ್ 737ನ್ನು ಹೇಳಬೇಕು. 1988ರ ಏಪ್ರಿಲ್ 28ರಂದು 24,000 ಅಡಿ ಎತ್ತರದಲ್ಲಿ ಅದರ ಮುಂಭಾಗದ ಮೇಲ್ಛಾವಣಿ ಸುಮಾರು 18 ಅಡಿ ಉದ್ದಕ್ಕೆ ಕಿತ್ತುಹೋಗಿ ಗಗನಸಖಿಯೊಬ್ಬರು ಪ್ರಾಣ ತೆತ್ತರು. ತಗಡುಗಳು ಒಂದರ ಮೇಲೊಂದು ಕೂಡುವ ಸಂಧಿಯಲ್ಲಿ ಅಂಟು ಬಿಟ್ಟು, ತೇವ ಸೇರಿ, ಲೋಹಕ್ಷಯವೂ ಆಯಾಸದ ಬಿರುಕುಗಳೂ ಒಡಗೂಡಿದ್ದುವು. ಆದುದರಿಂದ ಕೊಳ್ಳುವವನು ಲಾಗ್‌ಬುಕ್ಕುಗಳನ್ನು ಮೊದಲ ಪುಟದಿಂದ ಓದಬೇಕು. ವರ್ಷಾವಧಿ ಪರೀಕ್ಷೆಗೆ ಸಹಿ ಮಾಡಿದ ಮೆಕ್ಯಾನಿಕ್ಕುಗಳ ಊರುಗಳನ್ನು ಕ್ರಮವಾಗಿ ಬರೆದುಕೊಂಡರೆ ವಿಮಾನವು ಯಾವ ಹವೆಯಲ್ಲಿ ಎಷ್ಟು ವರ್ಷ ಬಾಳಿತೆಂಬುದು ತಿಳಿದುಬರುತ್ತದೆ. ಈಗ ಮರುಭೂಮಿಯಲ್ಲಿರುವ ವಿಮಾನವು ಹಿಂದೆ ಇಪ್ಪತ್ತು ವರ್ಷ ಸಮುದ್ರದ ದಡದಲ್ಲಿದ್ದಿರಬಹುದು.

ನಿಂತ ಕಾಲವು ಎಂಜಿನ್ನಿನಲ್ಲಿ ಇನ್ನೂ ಸ್ಪಷ್ಟವಾಗಿ ಪ್ರಕಟವಾಗುತ್ತದೆ. ಚಿಕ್ಕ ವಿಮಾನಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಲೈಕಮಿಂಗ್ ಎಂಜಿನ್ನುಗಳಲ್ಲಿ ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಎಂಬ ದಂಡವು ಕ್ರ್ಯಾಂಕ್‌ಶಾಫ್ಟ್ ಎಂಬ ಮುಖ್ಯ ದಂಡದ ಮೇಲ್ಗಡೆ ಇರುವುದರಿಂದ, ವಿಮಾನ ನಿಂತಾಗ ಎಣ್ಣೆಯೆಲ್ಲ ಕೆಳಕ್ಕೆ ಜಾರಿ, ಕ್ಯಾಮ್‌ಶಾಫ್ಟಿನ ಉಕ್ಕಿನ ಮೈಗಳು ಬರಿದಾಗಿ ತುಕ್ಕು ಹಿಡಿಯುತ್ತವೆ. ಮತ್ತೆ ಓಡಿಸಿದಾಗ ತುಕ್ಕಿನ ಗುಳಿಗಳಿಂದ ಲೋಹ ಚಕ್ಕೆಯೇಳುತ್ತದೆ. ನೆಲದ ಮೇಲೆ ಹತ್ತು ನಿಮಿಷ ಓಡಿಸಿಟ್ಟರೆ ಒಳಿತೆಂಬ ನಂಬಿಕೆ ತಪ್ಪು. ಎಣ್ಣೆ ಸಾಕಷ್ಟು ಕಾಯದೆ ದಹನದಿಂದ ಹುಟ್ಟಿದ ನೀರು ಒಳಗೇ ಉಳಿಯುತ್ತದೆ. ವರ್ಷಕ್ಕೆ ಹತ್ತೇ ತಾಸು ಹಾರಿದ ವಿಮಾನವನ್ನು ಕಡಿಮೆ ಬಳಸಿದ್ದೆಂದು ಹೊಗಳಿ ಹೆಚ್ಚು ಬೆಲೆ ಹೇಳುವವರುಂಟು. ವಾರಕ್ಕೊಮ್ಮೆ ತಪ್ಪದೆ ಹಾರಿದ ವಿಮಾನವೇ ಅದಕ್ಕಿಂತ ನಂಬಿಕೆಗೆ ಯೋಗ್ಯ.

ಇನ್ನು ಕಣ್ಣಿಗೆ ಕಾಣುವ ಚಿಹ್ನೆಗಳು. ದೀಪವನ್ನು ತಗಡಿನ ಮೈಗೆ ತಾಗುವಷ್ಟು ಓರೆಯಾಗಿ ಹಿಡಿದು ನೋಡಿದರೆ, ನೇರ ಬೆಳಕಿನಲ್ಲಿ ಕಾಣದ ಉಬ್ಬುಗಳೆಲ್ಲ ನೆರಳು ಬೀರಿ ಎದ್ದುಕಾಣುತ್ತವೆ. ಬಣ್ಣದ ಕೆಳಗೆ ಸಣ್ಣ ಅಂಕುಡೊಂಕು ಗೆರೆಗಳು ಹರಿದಿದ್ದರೆ ಅದು ಬಣ್ಣ ಬಳಿಯುವ ಮುನ್ನ ಮೈಯನ್ನು ಸರಿಯಾಗಿ ಶುದ್ಧಿಮಾಡದೆ ಹೋದುದರ ಫಲ. ನೋಡಲು ಅಸಹ್ಯವಾದರೂ ಬೇಗ ಹಿಡಿದರೆ ಮೇಲ್ಮೈಯನ್ನು ದಾಟಿರುವುದಿಲ್ಲ. ರಿವೆಟ್ಟುಗಳ ಸಾಲಿನಲ್ಲಿ ಎರಡೆರಡು ರಿವೆಟ್ಟುಗಳ ನಡುವೆ ತಗಡು ಮೆಲ್ಲನೆ ಉಬ್ಬಿದ್ದರೆ ಮಾತ್ರ ವಿಷಯ ಗುರುತರವಾದುದು. ಅಲ್ಯೂಮಿನಿಯಮ್ ಕ್ಷಯಿಸಿ ಹುಟ್ಟುವ ಬಿಳಿಯ ಪುಡಿಯು ಮೂಲಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ, ಎರಡು ತಗಡುಗಳ ಸಂದಿಯಲ್ಲಿ ಶೇಖರವಾಗಿ ಅವನ್ನು ಬಲವಂತವಾಗಿ ಅಗಲಿಸುತ್ತಿದೆಯೆಂದು ಅದರ ಅರ್ಥ. ಎಲ್ಲಕ್ಕಿಂತ ಭಯಂಕರವಾದುದು ಒತ್ತಿ ಎಳೆದು ರೂಪಿಸಿದ ದಪ್ಪ ಪಟ್ಟಿಗಳಲ್ಲಿ, ಮುಖ್ಯವಾಗಿ ಸ್ಪಾರಿನ ಮೇಲಂಚು ಕೆಳಂಚುಗಳಲ್ಲಿ, ಕಾಣಿಸಿಕೊಳ್ಳುವ ಪದರಕ್ಷಯ. ಲೋಹದ ಕಣಗಳು ಎಳೆತದ ದಿಕ್ಕಿಗೆ ಚಪ್ಪಟೆಯಾಗಿ ಹಾಸಿರುವುದರಿಂದ ಕ್ಷಯವು ಅವುಗಳ ಅಂಚು ಹಿಡಿದು ಒಳಹೊಕ್ಕು, ನೆನೆದ ಪುಸ್ತಕದ ಹಾಳೆಗಳು ಬಿರಿದು ನಿಲ್ಲುವಂತೆ ಪದರ ಪದರವಾಗಿ ಲೋಹವನ್ನು ಎಬ್ಬಿಸುತ್ತದೆ. ಅದು ಕಂಡ ಮೇಲೆ ಬೆಲೆ ಇಳಿಸಿ ಕೊಳ್ಳುವ ಮಾತೇ ಸಲ್ಲದು. ಆ ಸ್ಪಾರನ್ನು ಬದಲಿಸದೆ ವಿಮಾನವು ಹಾರತಕ್ಕದ್ದಲ್ಲ.

ಕ್ಷಯವು ನೆಲೆಸುವುದು ನೀರು ನಿಂತಲ್ಲಿ, ಕಣ್ಣು ಹೋಗದಲ್ಲಿ. ಪೈಪರ್ ಚೆರೋಕಿಯ ಸ್ಪಾರನ್ನು ಇಂಧನದ ತೊಟ್ಟಿಯು ಮರೆಮಾಡುವುದರಿಂದ, ತೊಟ್ಟಿಯನ್ನು ಬಿಚ್ಚಿ ನೋಡಬೇಕೆಂದು ಆ ಕಂಪನಿಯವರೇ ಸೂಚನೆ ಹೊರಡಿಸಿದ್ದಾರೆ. ಮೂನಿ ವಿಮಾನದ ಆಸನಭಾಗವನ್ನು ಸುತ್ತುವರಿದ ಉಕ್ಕಿನ ಕೊಳವೆಯ ಚೌಕಟ್ಟಿಗೆ, ಕಿಟಕಿಯಿಂದ ಸೋರಿದ ನೀರನ್ನು ಹೀರಿದ ಗಾಜುನಾರಿನ ಹೊದಿಕೆ ವರ್ಷಗಟ್ಟಲೆ ಒತ್ತಿಕೊಂಡಿರುವುದುಂಟು. ರತ್ನಗಂಬಳಿಯ ಅಡಿ, ಬ್ಯಾಟರಿಯ ಪೆಟ್ಟಿಗೆಯ ಸುತ್ತಮುತ್ತ, ಉಕ್ಕಿನ ಕಡ್ಡಿ ತೂರಿಸಿದ ಅಲ್ಯೂಮಿನಿಯಮ್ ಕೀಲುಗಳು, ಸೀಸಬೆರೆತ ಇಂಧನದ ಹೊಗೆ ಆಮ್ಲದ ಅಂಶವನ್ನು ಬಿಟ್ಟುಹೋಗುವ ಒಡಲಿನ ತಳ—ಇವನ್ನೆಲ್ಲ ತೆರೆದು ನೋಡಬೇಕು. ಬಹುಕಾಲ ನಿಂತ ವಿಮಾನದ ರೆಕ್ಕೆಯೊಳಗೆ ಇಲಿಗಳು ಗೂಡು ಕಟ್ಟಿರುವುದು ಅಪರೂಪವಲ್ಲ. ಅವುಗಳ ಮೂತ್ರವು ತಗಡನ್ನು ತೂತಾಗುವವರೆಗೂ ತಿನ್ನಬಲ್ಲದು. ಬೀಚ್‌ಕ್ರಾಫ್ಟ್ ಬೊನಾಂಜಾದ ಕವಲುಬಾಲದ ಚಲಿಸುವ ಭಾಗಗಳಿಗೆ ಹೊದಿಸಿರುವುದು ಅಲ್ಯೂಮಿನಿಯಮ್ಮಿಗಿಂತಲೂ ಸುಲಭವಾಗಿ ಕ್ಷಯಿಸುವ ಮೆಗ್ನೀಸಿಯಮ್ ಎಂಬುದನ್ನೂ ಮರೆಯಬಾರದು.

ಬಟ್ಟೆ ಹೊದಿಸಿದ ವಿಮಾನಗಳದು ಬೇರೆ ಕಥೆ. ಬೆಂಗಳೂರಿನ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರೂಪುಗೊಂಡು 1958ರಲ್ಲಿ ಮೊದಲು ಹಾರಿ, ನಮ್ಮ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಅದೆಷ್ಟೋ ಮಂದಿಗೆ ಹಾರಾಟ ಕಲಿಸಿದ ಪುಷ್ಪಕ್ ಈ ಜಾತಿಯದು. ಪೈಪರ್ ಕಬ್ ಕೂಡ ಇದೇ ಜಾತಿಯದು. ಇಂಥವುಗಳ ಒಡಲಿನ ಉಕ್ಕಿನ ಕೊಳವೆಗೆ ತುಕ್ಕು ಹಿಡಿಯುವುದು ಒಳಗಡೆಯಿಂದ, ಅದೂ ನೀರು ಇಳಿದು ಸೇರುವ ಬಾಲದ ತುದಿಯಲ್ಲಿ. ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಚೂಪಾದ ಸಲಾಕೆಯಿಂದ ಒತ್ತಿದರೆ ಕೊಳವೆ ಕುಸಿಯಬಹುದು. ಪೈಪರ್ ವಿಮಾನಗಳ ರೆಕ್ಕೆಯನ್ನು ಒಡಲಿಗೆ ಬಿಗಿದ ಆನಿಕೆಗಳ ಕೆಳತುದಿ ಹೀಗೆಯೇ ಟೊಳ್ಳಾಗುವುದನ್ನು ಕಂಡು, ಅಮೆರಿಕ ಸರ್ಕಾರದ ವಿಮಾನಯಾನ ಇಲಾಖೆಯವರು 1993ರಲ್ಲಿ, ಅವನ್ನು ನಿಯತಕಾಲದಲ್ಲಿ ಪರೀಕ್ಷಿಸಲೇಬೇಕೆಂದು ಆಜ್ಞೆ ಹೊರಡಿಸಿದರು. ನೀರು ಹೊಗದಂತೆ ಮುಚ್ಚಿದ ಹೊಸ ಆನಿಕೆಗಳನ್ನು ತೊಡಿಸಿದವರಿಗೆ ಅದರಿಂದ ವಿನಾಯಿತಿ ಉಂಟು.

ಕ್ಷಯ ಕಂಡಾಗ ಅದರ ಆಳವನ್ನು ಅಳೆಯದೆ ತೀರ್ಮಾನಿಸಲಾಗದು. ಅಮೆರಿಕದ ಆ ವಿಮಾನಯಾನ ಇಲಾಖೆಯವರ ಮಾರ್ಗದರ್ಶಿಯು ಅಂಗುಲದ ಸಾವಿರದಲ್ಲಿ ಒಂದು ಭಾಗದವರೆಗಿನ ಗುಳಿಯನ್ನು ಅಲ್ಪವೆಂದೂ, ಸಾವಿರದಲ್ಲಿ ಹತ್ತು ಭಾಗದವರೆಗಿನದನ್ನು ಮಧ್ಯಮವೆಂದೂ, ಅದನ್ನು ಮೀರಿದುದನ್ನು ತೀವ್ರವೆಂದೂ ವಿಂಗಡಿಸುತ್ತದೆ. ಸಾವಿರದಲ್ಲಿ ಹತ್ತು ಭಾಗವೆಂದರೆ ಕಾಲು ಮಿಲಿಮೀಟರ್, 0.8 ಮಿಲಿಮೀಟರ್ ತಗಡಿನಲ್ಲಿ ಅದು ಮೂರರಲ್ಲೊಂದು ಪಾಲಿಗೆ ಸಮೀಪ. ಆದರೆ ನಮ್ಮ ಎಣಿಕೆಯಲ್ಲಿ ಆಳಕ್ಕಿಂತ ಸ್ಥಾನವೇ ಮುಖ್ಯ. ಸಾಮಾನು ಇಡುವ ಬಾಗಿಲಿನ ಮೂಲೆಯ ಮಧ್ಯಮ ಕ್ಷಯವನ್ನು ಒಂದು ತೇಪೆಯಿಂದ ಸರಿಪಡಿಸಬಹುದು. ಸ್ಪಾರಿನ ಮೇಲಿನ ಅಲ್ಪ ಕ್ಷಯಕ್ಕೂ ತಯಾರಕರು ಗೊತ್ತುಮಾಡಿದ ಮಿತಿಯನ್ನು ನೋಡಿಯೇ ಉತ್ತರ ಹೇಳಬೇಕು.

ಈ ಪರೀಕ್ಷೆಯನ್ನು ಮಾಡತಕ್ಕವನು ಆ ವಿಮಾನಕ್ಕೆ ವರ್ಷವರ್ಷವೂ ಸಹಿ ಹಾಕುತ್ತ ಬಂದ ಮೆಕ್ಯಾನಿಕ್ ಆಗಿರಬಾರದು. ಆತನು ಎಷ್ಟೇ ಪ್ರಾಮಾಣಿಕನಾದರೂ ತನ್ನ ಹಿಂದಿನ ಸಹಿಯ ವಿರುದ್ಧ ನೋಡುವುದು ಮನುಷ್ಯಮಾತ್ರನಿಗೆ ಕಷ್ಟ. ಆ ಜಾತಿಯ ವಿಮಾನವನ್ನು ಬಲ್ಲ ಬೇರೊಬ್ಬನನ್ನು ಕೊಳ್ಳುವವನೇ ಗೊತ್ತುಮಾಡಿ, ಯಾವ ಯಾವ ಮುಚ್ಚಳಗಳನ್ನು ತೆರೆಯುವುದು, ಒಳಭಾಗವನ್ನು ಇಣುಕಿ ನೋಡುವ ಬೋರ್‌ಸ್ಕೋಪನ್ನು ಎಲ್ಲಿ ಇಳಿಸುವುದು, ಯಾವ ದೋಷ ಕಂಡರೆ ವ್ಯವಹಾರ ಮುರಿದು ಮುಂಗಡ ಹಣ ಹಿಂದಿರುಗುವುದು ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಇರಿಸಿಕೊಳ್ಳಬೇಕು. ತೆರೆಯಲು ಒಪ್ಪದ ಮಾರಾಟಗಾರನ ಬಳಿಯಿಂದ ಹಿಂದಿರುಗುವುದೇ ಸರಿ. ವಿಮಾನವು ಕೈಸೇರಿದ ಮೇಲೆ, ರೆಕ್ಕೆ ಒಡಲುಗಳ ಒಳಗೆ ತೇವವನ್ನು ಹೊರದೂಡುವ ಎಣ್ಣೆಯನ್ನು ಸಿಂಪಡಿಸುವ ಪದ್ಧತಿ ರೂಢಿಯಲ್ಲಿದೆ, ಅದು ಒಳ್ಳೆಯದು. ಆದರೆ ಆ ಎಣ್ಣೆಯು ಸಂದಿಗಳಲ್ಲಿ ನುಸುಳಿ ಬಹಳ ದಿನ ರಿವೆಟ್ಟುಗಳ ಸುತ್ತ ಒಸರುತ್ತಿರುವುದರಿಂದ ಬಣ್ಣ ಹಿಡಿಯುವುದಿಲ್ಲ. ಆದುದರಿಂದ ತಗಡಿನ ದುರಸ್ತಿಯನ್ನೂ ಬಣ್ಣವನ್ನೂ ಮುಗಿಸಿಕೊಂಡ ತರುವಾಯವೇ ಸಿಂಪಡಣೆಗೆ ಕೈಹಾಕತಕ್ಕದ್ದು.