ಬನಶಂಕರಿಯಲ್ಲೊಂದು ಬೊಗಸೆ ಕಡಲು

ಬನಶಂಕರಿ ಎರಡನೇ ಹಂತದ ಅಕ್ಕನ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಕಾಫಿ ಮುಗಿಯುತ್ತಿದ್ದಂತೆ ಭಾವ ನೀಲಿ ಡ್ರಮ್ಮಿನ ಮುಂದೆ ಕೂರುತ್ತಾರೆ. ಹಿಂದಿನ ರಾತ್ರಿಯೇ ಅದಕ್ಕೆ ಆರ್‌ಒ ನೀರು ತುಂಬಿ, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಸಮುದ್ರದ ಉಪ್ಪು ಸುರಿದು, ಕರಗಲಿ ಎಂದು ಪುಟ್ಟ ಮೋಟರ್ ಹಾಕಿಟ್ಟಿರುತ್ತಾರೆ. ಈಗ ಅದರ ಒಂದು ಹನಿಯನ್ನು ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾರೆ. ನೀಲಿ, ಬಿಳಿ ಸೇರುವ ಗೆರೆ 1.025ರ ಹತ್ತಿರ ನಿಂತಿತೋ, ಡ್ರಮ್ಮಿನಲ್ಲಿರುವುದು ಕಡಲು. ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದಲ್ಲಿ, ಮಂಗಳೂರಿನಿಂದ ಸುಮಾರು 350 ಕಿಲೋಮೀಟರ್ ದೂರದಲ್ಲಿ!

"ನಾವು ಮೀನು ಸಾಕ್ತೀವಿ ಅಂತ ಎಲ್ಲರೂ ಅಂದ್ಕೋತಾರೆ. ಸಾಕೋದು ನೀರನ್ನ ಕಣಮ್ಮ" ಎನ್ನುತ್ತಾರೆ ಭಾವ. ಈ ಹವ್ಯಾಸದವರೆಲ್ಲ ಹೇಳುವ ಮಾತು ಇದು. ಅದು ಎಷ್ಟು ನಿಜವೆಂದು ನನಗೆ ತಿಳಿಯಲು ಎರಡು ವರ್ಷದ ಭಾನುವಾರಗಳು ಬೇಕಾದವು.

ಬೆಂಗಳೂರಿನವರಿಗೆ ಮೀನು ನೋಡುವ ಜಾಗ ಎಂದರೆ ಮೊದಲು ನೆನಪಾಗುವುದು ಕಬ್ಬನ್ ಪಾರ್ಕಿನ ಕಸ್ತೂರಬಾ ರಸ್ತೆ ಬದಿಯ ಸರ್ಕಾರಿ ಮತ್ಸ್ಯಾಲಯ. ಮೀನುಗಾರಿಕೆ ಇಲಾಖೆಯದು, 1983ರಲ್ಲಿ ತೆರೆದದ್ದು. ಜಯನಗರದ ನಮ್ಮ ಶಾಲೆಯವರು ವಿಶ್ವೇಶ್ವರಯ್ಯ ಮ್ಯೂಸಿಯಂ ತೋರಿಸಿದ ದಿನವೇ ಅಲ್ಲಿಗೂ ಕರೆದೊಯ್ದಿದ್ದರು. ಒಳಗಿನ ಮಬ್ಬುಗತ್ತಲು, ಹಣೆ ಒತ್ತಿದರೆ ತಣ್ಣಗಿದ್ದ ಗಾಜು ಇನ್ನೂ ನೆನಪಿದೆ. ಆದರೆ ನನಗೆ ನೆನಪಿರುವ ಗೋಲ್ಡ್‌ಫಿಶ್, ಏಂಜೆಲ್, ಗೌರಾಮಿಗಳೆಲ್ಲ ಸಿಹಿನೀರಿನವು. 2021ರ ಜುಲೈಯಲ್ಲಿ ಮೆಜೆಸ್ಟಿಕ್ಕಿನ ರೈಲು ನಿಲ್ದಾಣದಲ್ಲಿ ಶುರುವಾದ ಸುರಂಗ ಅಕ್ವೇರಿಯಂ ಕೂಡ ಅಮೆಜಾನ್ ನದಿಯನ್ನು ತೋರಿಸುವಂಥದ್ದು. ಕಡಲಿನ ಬದುಕನ್ನು ನಾನು ಹತ್ತಿರದಿಂದ ಕಂಡಿದ್ದು ಅಕ್ಕನ ಮನೆಯ ಹಾಲಿನಲ್ಲೇ.

1951ರಲ್ಲಿ ಮುಂಬೈಯ ಮರೀನ್ ಡ್ರೈವ್‌ನಲ್ಲಿ ತಾರಾಪೋರ್‌ವಾಲಾ ಅಕ್ವೇರಿಯಂ ಕಟ್ಟಿದವರಿಗೆ ಸಮುದ್ರ ರಸ್ತೆಯಾಚೆಗೇ ಇತ್ತು. ಕಡಲಿಲ್ಲದ ಊರಿನವರು ಕಡಲನ್ನು ಮಾಡಿಕೊಳ್ಳಬೇಕು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೊದಲ ಸಾರ್ವಜನಿಕ ಮೀನುಮನೆ ತೆರೆದಾಗಲೂ ಇದೇ ಪಾಡು. ಅದಕ್ಕೆ ನೆರವಾಗಿದ್ದ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗತಜ್ಞ ಮರುವರ್ಷವೇ ಲವಣಗಳನ್ನು ಬೆರೆಸಿ ಸಮುದ್ರದ ನೀರು ಮಾಡುವ ಕ್ರಮ ಕಂಡುಕೊಂಡ. ಭಾವನ ಡ್ರಮ್ಮಿಗೆ ಅವನೇ ಮೂಲಪುರುಷ. ಅಡುಗೆ ಉಪ್ಪು ಇದಕ್ಕೆ ಆಗದು. ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲವೂ ಕಡಲಿನ ಅಳತೆಯಲ್ಲೇ ಇರಬೇಕು. 300 ಲೀಟರಿನ ತೊಟ್ಟಿಗೆ ಮೊದಲ ಸಲ ಹತ್ತು ಕಿಲೋಗೂ ಹೆಚ್ಚು ಉಪ್ಪು ಹಿಡಿಯುತ್ತದೆ.

ಉಪ್ಪು ಕರಗಿದ ಮಾತ್ರಕ್ಕೆ ಕಡಲಿಗೆ ಜೀವ ಬರುವುದಿಲ್ಲ. ಭಾವ ಇದನ್ನು ಕಲಿತದ್ದು ಮೀನು ಕಳೆದುಕೊಂಡು. ಮೊದಲ ತೊಟ್ಟಿಗೆ ಅವಸರಪಟ್ಟು ಮೂರನೇ ದಿನಕ್ಕೇ ಮೀನು ಬಿಟ್ಟರು, ವಾರದೊಳಗೆ ಒಂದೂ ಉಳಿಯಲಿಲ್ಲ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ಕಣ್ಣಿಗೆ ಕಾಣದ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿಯದು ನೈಟ್ರೈಟನ್ನು ಅಷ್ಟೇನೂ ಕೇಡು ಮಾಡದ ನೈಟ್ರೇಟಿಗೆ ತಿರುಗಿಸುತ್ತದೆ. ಈ ಸಂಸಾರ ಕಲ್ಲುಗಳ ಸಂದಿಯಲ್ಲಿ ನೆಲೆಯೂರಲು ನಾಲ್ಕಾರು ವಾರ ಬೇಕು. ಹಳೆಯ ತೊಟ್ಟಿಯ ಒಂದು ಕಲ್ಲನ್ನು ಹೊಸದಕ್ಕೆ ಇಟ್ಟರೆ ಬೇಗ ಆಗುತ್ತದೆ. ಅಕ್ಕ ಇದನ್ನು ಹೆಪ್ಪು ಹಾಕುವುದು ಎನ್ನುತ್ತಾಳೆ. ಇದಕ್ಕಿಂತ ಸರಿಯಾದ ಮಾತು ನನಗಂತೂ ಹೊಳೆದಿಲ್ಲ. ತೊಟ್ಟಿಯ ಕೆಳಗೆ ಬುರುಬುರು ಸದ್ದು ಮಾಡುವ ಸ್ಕಿಮ್ಮರನ್ನೂ ಅವಳು ಆಲೆಮನೆಯಿಂದಲೇ ಅರ್ಥಮಾಡಿಕೊಂಡಿದ್ದಾಳೆ: ಕಬ್ಬಿನ ಹಾಲು ಕುದಿಯುವಾಗ ಕೊಳೆ ನೊರೆಯಾಗಿ ಮೇಲೇರುವ ಹಾಗೆ, ಇಲ್ಲಿಯೂ ಗಾಳಿಗುಳ್ಳೆಗಳಿಗೆ ಅಂಟಿಕೊಂಡು ಕಂದು ನೊರೆ ಬಟ್ಟಲಿಗೆ ಬೀಳುತ್ತದೆ.

ನನಗೆ ಅತಿ ಸೋಜಿಗ ಅನಿಸುವುದು ಆ ನೀರು ಬಂದ ದಾರಿ. ಅರಬ್ಬೀ ಸಮುದ್ರದ ಮೋಡ ಕೊಡಗಿನಲ್ಲಿ ಮಳೆಯಾಗಿ ಸುರಿದು, ಕಾವೇರಿಯಾಗಿ ಹರಿದು, ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಕೊಳವೆಯಲ್ಲಿ ಬಂದು, ಹೆಚ್ಚುಕಡಿಮೆ 500 ಮೀಟರ್ ಮೇಲೇರಿ ನಲ್ಲಿಗೆ ಇಳಿಯುತ್ತದೆ. ಇಲ್ಲಿ ಅದರ ಕ್ಲೋರಿನ್ ತೆಗೆದು ಉಪ್ಪು ಬೆರೆಸಿದರೆ ಮತ್ತೆ ಸಮುದ್ರ.

ಹವಳವನ್ನು ಮಾತ್ರ ಭಾವ ತಂದಿಲ್ಲ, ತರುವುದೂ ಇಲ್ಲ. ಹವಳ, ಕಡಲಕುದುರೆಗಳನ್ನು 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಿದ್ದಾರೆ. ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಯಾರಾದರೂ ಜೀವಂತ ಹವಳ ಮಾರಲು ಬಂದರೆ ಬೇಡವೆಂದು ಬಾಗಿಲು ಹಾಕಬೇಕು. ನಮ್ಮ ಹವಳ ಇರಬೇಕಾದದ್ದು ನೇತ್ರಾಣಿ ದ್ವೀಪದಲ್ಲಿ. ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಹೋದರೆ ಆ ಗುಡ್ಡ ಸಿಗುತ್ತದೆ. ಪುನೀತ್ ರಾಜ್‌ಕುಮಾರ್ ಅವರ 'ಗಂಧದಗುಡಿ' ಬಂದ ಮೇಲೆ ಕರ್ನಾಟಕಕ್ಕೂ ಇಂಥ ಕಡಲಾಳವಿದೆ ಎಂದು ಎಷ್ಟೋ ಜನರಿಗೆ ಗೊತ್ತಾಯಿತು. ಗಿಣಿಕೊಕ್ಕಿನಂಥ ಬಾಯಿಯಿಂದ ಹವಳ ಕಚ್ಚಿ ಮರಳು ಮಾಡುವ ಪ್ಯಾರಟ್‌ಫಿಶ್, ಬಂಡೆ ಸಂದಿಯಲ್ಲಿ ಬಾಯಿ ತೆರೆದು ಕಾಯುವ ಹಾವುಮೀನು, ಕರಾವಳಿಯವರು ಮುರು ಎನ್ನುವ ಗ್ರೂಪರ್ ಇವನ್ನೆಲ್ಲ ಅಲ್ಲೇ ನೋಡಬೇಕು.

ಅಕ್ಕನ ಮನೆಯ ತೊಟ್ಟಿಯಲ್ಲಿರುವುದು ಕ್ಲೌನ್‌ಫಿಶ್ ಜೋಡಿ ಮತ್ತು ಒಂದು ಕೆಂಪು ಪಟ್ಟೆಯ ಸಿಗಡಿ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಈ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿದ್ಯೆಯನ್ನು ನಮ್ಮ ದೇಶದಲ್ಲೇ ಸಾಧಿಸಿದೆ. ಭಾವನ ಜೋಡಿಯೂ ತೊಟ್ಟಿಯಲ್ಲೇ ಹುಟ್ಟಿದ್ದು, ಸಮುದ್ರವನ್ನೇ ಕಂಡಿಲ್ಲ. ಕಡಲಲ್ಲಾದರೆ ಚುಚ್ಚುವ ಎನಿಮೋನಿಯ ತೋಳುಗಳ ನಡುವೆ ಮಲಗುತ್ತಿದ್ದವು. ಇಲ್ಲಿ ಮಣ್ಣಿನ ಕುಡಿಕೆಯನ್ನೇ ಮನೆ ಮಾಡಿಕೊಂಡಿವೆ. ಹುಟ್ಟುವಾಗ ಎಲ್ಲವೂ ಗಂಡು. ಗುಂಪಿನ ದೊಡ್ಡದು ಹೆಣ್ಣಾಗುತ್ತದೆ, ಅದು ಸತ್ತರೆ ಅದರ ಗಂಡು ಹೆಣ್ಣಾಗಿ ಆ ಜಾಗಕ್ಕೆ ಬರುತ್ತದೆ. ಕುಡಿಕೆಯ ಒಳಮೈಗೆ ಕಿತ್ತಳೆ ಬಣ್ಣದ ಮೊಟ್ಟೆ ಅಂಟಿಸಿದ ದಿನದಿಂದ ಗಂಡಿಗೆ ಬಿಡುವಿಲ್ಲ, ರೆಕ್ಕೆಯಿಂದ ಗಾಳಿ ಬೀಸುತ್ತ, ಬಾಯಿಯಿಂದ ಒರೆಸುತ್ತ ಕಾಯುತ್ತದೆ. ದಿನ ಕಳೆದಂತೆ ಮೊಟ್ಟೆಗಳು ಬೆಳ್ಳಿಬಣ್ಣಕ್ಕೆ ತಿರುಗುತ್ತವೆ. ಮಸೂರ ಹಿಡಿದರೆ ಒಂದೊಂದರೊಳಗೂ ಎರಡು ಕಣ್ಣು!

ಏಳೆಂಟನೇ ರಾತ್ರಿ, ದೀಪ ಆರಿಸಿದ ಮೇಲೆ, ಅವು ಒಡೆಯುತ್ತವೆ. ಕಳೆದ ಎರಡು ಸಲ ಮರಿಗಳು ವಾರ ದಾಟಲಿಲ್ಲ. ಅಷ್ಟು ಸಣ್ಣ ಬಾಯಿಗೆ ಹಿಡಿಸುವ ರೋಟಿಫರ್ ಎಂಬ ಸೂಕ್ಷ್ಮಜೀವಿಗಳು ಸಾಕಷ್ಟಿರಲಿಲ್ಲ. ಈ ಸಲ ಅವಕ್ಕೆ ಮೇವಾಗುವ ಹಸಿರು ಪಾಚಿನೀರಿನ ಬಾಟಲಿಗಳು ಅಡುಗೆಮನೆ ಕಿಟಕಿಯಲ್ಲಿ ಸಾಲಾಗಿ ನಿಂತಿವೆ. ಬಿಸಿಲು ಬೀಳಲೆಂದು ಅಕ್ಕ ತನ್ನ ಕೊತ್ತಂಬರಿ ಕುಂಡವನ್ನು ಪಕ್ಕಕ್ಕೆ ಸರಿಸಿದ್ದಾಳೆ.