ಕೀಹೋಲ್ ಆಪರೇಷನ್ನಿಗೆ ಮುಂಚೆ ಒಂದು ಕಪ್ ಚಾ ಕುಡಿದರೆ ಏನಾಗುತ್ತೆ?

ನಿಮ್ಮ ಅವ್ವನಿಗೋ ಅಕ್ಕನಿಗೋ ಡಾಕ್ಟರ್ ಲ್ಯಾಪ್ರೊಸ್ಕೋಪಿ ಅಂದಿದ್ದರೆ ಈ ಸಂಚಿಕೆ ಪೂರ್ತಿ ಕೇಳಿ. ಅಂಡಾಶಯದ ಗಡ್ಡೆ ಇರಲಿ, ಗರ್ಭಕೋಶ ತೆಗೆಯೋದಿರಲಿ, ದೇವದುರ್ಗ, ಮಾನ್ವಿ ಕಡೆಯವರು ರಾಯಚೂರಿಗೆ, ರಿಮ್ಸ್‌ಗೋ ಖಾಸಗಿ ಆಸ್ಪತ್ರೆಗೋ ಬರ್ತಾರೆ. "ಸಣ್ಣ ತೂತಿನ ಆಪರೇಷನ್, ಏನೂ ಆಗಲ್ಲ ಬಿಡ್ರಿ" ಅನ್ನೋ ಮಾತು ನನಗೆ ಹಿಡಿಸಲ್ಲ. ಗಾಯ ಸಣ್ಣದೇ, ಆದ್ರೆ ಅರಿವಳಿಕೆ ಪೂರ್ತಿ ಇರುತ್ತೆ.

ಹೊಕ್ಕಳ ಹತ್ತಿರ ತೂತು ಮಾಡಿ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬ್ತಾರೆ. ಸೋಡಾದಲ್ಲಿರೋ ಅದೇ ಗ್ಯಾಸ್. ಅದು ಹೊತ್ತಿಕೊಳ್ಳಲ್ಲ, ರಕ್ತದಲ್ಲಿ ಬೇಗ ಕರಗಿ ಉಸಿರಿನ ಜೊತೆ ಹೊರಗೆ ಹೋಗುತ್ತೆ. ಕರುಳು ಸರಿದು ಗರ್ಭಕೋಶ ಕಾಣಲಿ ಅಂತ ಟೇಬಲ್ಲನ್ನ ತಲೆ ಕಡೆ ತಗ್ಗಿಸ್ತಾರೆ. ಆಗ ಗ್ಯಾಸು, ಕರುಳು ಎರಡೂ ವಪೆಯನ್ನು, ಅಂದ್ರೆ ಎದೆ, ಹೊಟ್ಟೆ ನಡುವಿನ ಪರದೆಯನ್ನು ಒತ್ತುತ್ತವೆ. ಶ್ವಾಸಕೋಶ ಹಿಗ್ಗೋಕೆ ಜಾಗ ಸಾಲಲ್ಲ. ಅದಕ್ಕೇ ಸಾಮಾನ್ಯವಾಗಿ ಪೂರ್ತಿ ಎಚ್ಚರ ತಪ್ಪಿಸಿ, ಗಂಟಲಿಗೆ ಟ್ಯೂಬ್ ಹಾಕಿ, ಮಷೀನಿನಿಂದ ಉಸಿರಾಡಿಸ್ತಾರೆ. ಅರಿವಳಿಕೆ ಡಾಕ್ಟರ್ ಆಕ್ಸಿಜನ್, ಬಿಪಿ ನೋಡ್ತಾ ತಲೆ ಹತ್ತಿರಾನೇ ಇರ್ತಾರೆ.

ಈಗ ಚಾ ವಿಷಯ. "ಏನರ ತಿಂದೀರೇನವಾ?" ಅಂತ ಸಿಸ್ಟರ್ ಕೇಳ್ತಾರೆ. "ಏನಿಲ್ರಿ, ಬರೇ ಚಾ ಕುಡ್ದೀನಿ" ಅನ್ನೋದು ಉತ್ತರ. ಹಾಲಿನ ಚಾ ಊಟದ ಲೆಕ್ಕ! ಹಾಲು, ಹಗುರ ಊಟಕ್ಕೆ 6 ಗಂಟೆ, ಎಣ್ಣೆ ಪದಾರ್ಥಕ್ಕೆ 8 ಗಂಟೆ, ಬರೀ ನೀರಿಗೆ 2 ಗಂಟೆ ಬಿಡುವು ಬೇಕು ಅನ್ನೋದು ಸಾಮಾನ್ಯ ನಿಯಮ. ಎಚ್ಚರ ಇಲ್ಲದಾಗ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಬೆಳಗ್ಗೆ ವಗ್ಗರಣೆ, ಮಿರ್ಚಿ ತಿಂದೇ ಬಸ್ ಹತ್ತಿದ್ದರೆ ಮುಚ್ಚಿಡದೆ ಹೇಳಿಬಿಡಿ. ಆಪರೇಷನ್ ಮುಂದಕ್ಕೆ ಹೋಗಬಹುದು, ಅಷ್ಟೇ.

ತಾಳಿ, ಕಾಲುಂಗುರ ತೆಗೀರಿ ಅಂದಾಗ ಮನೆಯ ಹಿರಿಯರು ಮುಖ ಸಿಂಡರಿಸ್ತಾರೆ. ಅವರಿಗೆ ಹೀಗೆ ಹೇಳಿ: ರಕ್ತ ನಿಲ್ಲಿಸೋಕೆ ಕರೆಂಟಿನ ಉಪಕರಣ ಬಳಸ್ತಾರೆ, ಮೈಮೇಲೆ ಲೋಹ ಇದ್ದರೆ ಅಲ್ಲಿ ಚರ್ಮ ಸುಡಬಹುದು.

ಎಚ್ಚರ ಆದಮೇಲೆ ಭುಜ ನೋಯುತ್ತೆ ಅಂತ ಎಷ್ಟೋ ಮಂದಿ ಗಾಬರಿ ಆಗ್ತಾರೆ. ಒಳಗೆ ಉಳಿದ ಗ್ಯಾಸ್ ವಪೆಯನ್ನು ಕೆಣಕುತ್ತೆ, ಅದರ ನರದ ಮೂಲಕ ನೋವು ಭುಜದಲ್ಲಿ ಅನಿಸುತ್ತೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತೆ. ಆದ್ರೂ ಸಿಸ್ಟರ್‌ಗೆ ಹೇಳಿ, ಎದೆನೋವು ಅಲ್ಲ ಅಂತ ಅವರೇ ಖಚಿತ ಮಾಡ್ಕೊಳ್ಳಲಿ. ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಅವರು ಬೇಗ ಎಬ್ಬಿಸಿ ನಡೆಸ್ತಾರೆ. "ಹಸಿ ಮೈ, ಮಲಗ್ಲಿ ಬಿಡ್ರಿ" ಅಂತ ಅಡ್ಡ ಬರಬೇಡಿ.

ನನಗೆ ಹೆಚ್ಚು ಚಿಂತೆ ಮನೆಗೆ ಹೋದ ಮೇಲಿನ ದಿನಗಳದ್ದು. ನೋವು ದಿನದಿಂದ ದಿನಕ್ಕೆ ಕಡಿಮೆ ಆಗಬೇಕು. ಹೆಚ್ಚುತ್ತಿದ್ದರೆ, ಜ್ವರ, ವಾಂತಿ, ಹೊಟ್ಟೆ ಉಬ್ಬರ ಬಂದರೆ ಗ್ಯಾಸ್ ಅಂತ ಮಾತ್ರೆ ನುಂಗಿ ಕೂರಬೇಡಿ. ಕರುಳಿಗೆ ಪೆಟ್ಟಾಗಿದ್ದರೆ ಅದು ಕೆಲವು ದಿನ ಬಿಟ್ಟು ಗೊತ್ತಾಗೋದೂ ಉಂಟು. ದೇವದುರ್ಗದಿಂದ ರಾಯಚೂರಿಗೆ ಒಂದು ತಾಸಿನ ಮೇಲೆ ದಾರಿ. ರಾತ್ರಿ ಆದ್ರೆ ಬೆಳಗಿನ ಬಸ್ಸಿಗೆ ಕಾಯದೆ 108ಕ್ಕೆ ಫೋನ್ ಮಾಡಿ. ಡಿಸ್ಚಾರ್ಜ್ ಕಾರ್ಡಿನ ಫೋಟೋ ಮೊದಲೇ ನಿಮ್ಮ ಫೋನಲ್ಲಿ ತೆಗೆದಿಟ್ಟುಕೊಳ್ಳಿ, ನೋಡೋ ಡಾಕ್ಟರ್ ಬೇರೆಯವರಾಗಿರಬಹುದು.