ಧರೆ ಕಡಿಯುವ ಮುನ್ನ

ಮಲೆನಾಡು, ಕೊಡಗು, ಕರಾವಳಿಯ ಗುಡ್ಡದ ಊರುಗಳಲ್ಲಿ ಮನೆ ಕಟ್ಟುವ ಮಾತೆದ್ದರೆ ಮೊದಲು ಕೇಳಿಬರುವುದು ‘ಜೆಸಿಬಿ ಯಾವಾಗ ಬರುತ್ತೆ?’ ಎಂಬ ಪ್ರಶ್ನೆ. ನಕ್ಷೆಯ ಮಾತು ಆಮೇಲೆ. ಎರಡು ದಿನ ಯಂತ್ರ ಓಡಿದರೆ ಅಂಗೈಯಂಥ ಜಾಗ ಸಿದ್ಧ. ಹಿಂದುಗಡೆ ಕೆಂಪಗೆ, ನೆಟ್ಟಗೆ ನಿಂತ ಧರೆ. ಮುಂದುಗಡೆ ಸುರಿದ ಸಡಿಲ ಮಣ್ಣು. ಬಯಲುಸೀಮೆಯ ಮನೆಯ ನಕ್ಷೆಯನ್ನು ತಂದು ಅದರ ಮೇಲೆ ಇಟ್ಟರೆ ಮುಗಿಯಿತು. ಇಳಿಜಾರು ಸೈಟಿನ ಬಗೆಗಿನ ಹೆಚ್ಚಿನ ತಪ್ಪು ಕಲ್ಪನೆಗಳಿಗೆಲ್ಲ ಬೇರು ಇಲ್ಲಿದೆ: ಮಟ್ಟ ಮಾಡದೆ ಮನೆ ಏಳದು ಎಂಬ ನಂಬಿಕೆ.

ಒಂದು ಲೆಕ್ಕ ಹಾಕಿ ನೋಡಬಹುದು. 40 ಅಡಿ ಅಗಲ, 60 ಅಡಿ ಉದ್ದದ ಸೈಟು ಹಿಂದಿನಿಂದ ಮುಂದಕ್ಕೆ 6 ಅಡಿ ಇಳಿದಿದೆ ಎಂದುಕೊಳ್ಳೋಣ. ಇಡೀ ಜಾಗವನ್ನು ಮುಂದಿನ ಅಂಚಿನ ಮಟ್ಟಕ್ಕೆ ಕಡಿದರೆ 7200 ಘನ ಅಡಿ ಮಣ್ಣು ಏಳುತ್ತದೆ, ಬೆನ್ನ ಹಿಂದೆ 6 ಅಡಿ ಧರೆ ನಿಲ್ಲುತ್ತದೆ. ಅದೇ ಸೈಟನ್ನು 3 ಅಡಿ ಅಂತರದ ಎರಡು ಮಟ್ಟಗಳಾಗಿ ಕಡಿದರೆ ಏಳುವ ಮಣ್ಣು 3600 ಘನ ಅಡಿ. ಧರೆ ಎರಡಾಗುತ್ತದೆ, ಆದರೆ ಒಂದೊಂದೂ 3 ಅಡಿ ಮಾತ್ರ. ಮಣ್ಣು ಗೋಡೆಯನ್ನು ತಳ್ಳುವ ಬಲ ಎತ್ತರದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಎತ್ತರ ಅರ್ಧಕ್ಕಿಳಿದರೆ ಆ ಬಲ ಕಾಲು ಭಾಗಕ್ಕಿಳಿಯುತ್ತದೆ. ಮನೆಯೊಳಗೆ ಇದಕ್ಕೆ ತೆರಬೇಕಾದ ಬೆಲೆ ಅರ್ಧ ಅಡಿ ಎತ್ತರದ ಆರು ಮೆಟ್ಟಿಲು. ಮೇಲಿನ ಮಟ್ಟದ ಭಾರ ನಡುವಿನ ತಡೆಗೋಡೆಯ ಮೇಲೆ ಬೀಳದಂತೆ ಪಾಯವನ್ನು ಆಳಕ್ಕೆ ಇಳಿಸಬೇಕು. ಅಷ್ಟಕ್ಕೆ ಎಂಜಿನಿಯರ್ ಬೇಕೇ ಬೇಕು. ಮನೆಯ ಉದ್ದ ಗುಡ್ಡಕ್ಕೆ ಅಡ್ಡಲಾಗಿ, ಅಂದರೆ ಒಂದೇ ಎತ್ತರದ ಗುಂಟ ಇದ್ದಷ್ಟೂ ಕಡಿಯುವ ಕೆಲಸ ಇನ್ನೂ ತಗ್ಗುತ್ತದೆ. ಗುಡ್ಡದ ತಪ್ಪಲಲ್ಲಿ, ಗದ್ದೆಯ ಕಡೆಗೆ ಮುಖ ಮಾಡಿ, ಮೆಟ್ಟಿಲು ಹತ್ತಿ ಒಳಹೋಗುವಂತೆ ಕೂತಿರುವ ಕೊಡಗಿನ ಹಳೆಯ ಐನ್‌ಮನೆಗಳನ್ನು ನೋಡಿದವರಿಗೆ ಇದು ಹೊಸ ವಿದ್ಯೆ ಅನ್ನಿಸದು.

‘ನಮ್ಮ ಧರೆ ಕಲ್ಲಿನಂತೆ ಗಟ್ಟಿ, ಬೇಸಿಗೆಯಿಡೀ ಒಂದು ಹೆಂಟೆ ಉದುರಿಲ್ಲ’ ಎಂದು ನೆಮ್ಮದಿಯಾಗಿರುವವರೂ ಇದ್ದಾರೆ. ಬೇಸಿಗೆಯ ಗಟ್ಟಿತನ ಒಣಮಣ್ಣಿನ ಗುಣ. ಕರಾವಳಿಯಲ್ಲಿ ಮೇಲೆ ಮುರಕಲ್ಲಿನ ಪದರ ಇದ್ದರೂ ಅನೇಕ ಕಡೆ ಅದರ ಅಡಿಯಲ್ಲಿ ಶೇಡಿ ಮಣ್ಣು ಇರುತ್ತದೆ. ಒಣಗಿದಾಗ ಗಟ್ಟಿ, ನೀರು ಕುಡಿದರೆ ಬಲ ಕಳೆದುಕೊಳ್ಳುವ ಮಣ್ಣು ಅದು. ಮೇಲಿನ ಮುರಕಲ್ಲನ್ನು ಕಡಿದು ಶೇಡಿಯನ್ನು ಮಳೆಗೆ ಒಡ್ಡುವುದೆಂದರೆ ಕೊಡೆ ಕಿತ್ತುಕೊಂಡು ಮಗುವನ್ನು ಅಂಗಳದಲ್ಲಿ ಬಿಟ್ಟಂತೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಮದೆನಾಡು ಕಡೆ ಗುಡ್ಡಗಳು ಜಾರಿ ಮನೆಗಳು ಮಣ್ಣುಪಾಲಾದವು. ಅವನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ವಿಪರೀತ ಮಳೆಯ ಜೊತೆಗೆ ಬೊಟ್ಟು ಮಾಡಿದ್ದು ಮನುಷ್ಯರು ಇಳಿಜಾರನ್ನು ಕಡಿದು ಬದಲಿಸಿದ್ದರ ಕಡೆಗೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಕುಸಿದದ್ದೂ ರಸ್ತೆಗಾಗಿ ಬುಡ ಕಡಿದಿದ್ದ ಗುಡ್ಡವೇ.

ಹಾಗಾದರೆ ದಪ್ಪನೆಯ ಕಾಂಕ್ರೀಟ್ ತಡೆಗೋಡೆ ಕಟ್ಟಿದರೆ ಸಾಲದೇ? ಬಹಳ ಜನ ಹಣ ಸುರಿಯುವುದು ಇಲ್ಲೇ, ಮೋಸ ಹೋಗುವುದೂ ಇಲ್ಲೇ. 3 ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಗೋಡೆಯ ಒಂದೊಂದು ಮೀಟರ್ ಉದ್ದಕ್ಕೂ ಬರಿಯ ನೀರೇ ಸುಮಾರು ನಾಲ್ಕೂವರೆ ಟನ್ ಬಲದಿಂದ ತಳ್ಳುತ್ತದೆ. ನೀರು ಬಸಿದುಹೋದ ಸಾಧಾರಣ ಮರಳುಮಣ್ಣು ಅದೇ ಗೋಡೆಯನ್ನು ತಳ್ಳುವುದು ಮೂರು ಟನ್ನಿಗಿಂತ ಕಡಿಮೆ. ಗೋಡೆಯನ್ನು ಕೆಡಹುವ ನಿಜವಾದ ಶತ್ರು ನೀರು. ಗೋಡೆಯ ಬೆನ್ನಿಗೆ ಜಲ್ಲಿಯ ಪದರ, ಮೈಯಲ್ಲಿ ನೀರು ಬಸಿಯುವ ಕಂಡಿಗಳು, ಧರೆಯ ತಲೆಯ ಮೇಲೆ ಮಳೆನೀರನ್ನು ಅಡ್ಡಗಟ್ಟಿ ಪಕ್ಕಕ್ಕೆ ಒಯ್ಯುವ ಕಾಲುವೆ, ಈ ಮೂರೂ ಇಲ್ಲದ ಗೋಡೆ ಎಷ್ಟು ದಪ್ಪವಿದ್ದರೂ ನಂಬಿಕೆಗೆ ಅರ್ಹವಲ್ಲ. ಚೆಂದ ಕಾಣಲೆಂದು ಕಂಡಿಗಳನ್ನು ಸಿಮೆಂಟಿನಿಂದ ಮುಚ್ಚಿಸುವವರಿಗೆ ಯಾರಾದರೂ ಇದನ್ನು ಕೈಹಿಡಿದು ಹೇಳಲೇಬೇಕು.

ಚಾವಣಿಯ ನೀರೂ ಸಣ್ಣದಲ್ಲ. 140 ಚದರ ಮೀಟರ್ ಸೂರಿನ ಮೇಲೆ ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ 14,000 ಲೀಟರ್. ಆ ನೀರನ್ನು ಇಂಗಿಸುವುದು ಒಳ್ಳೆಯದೇ, ಆದರೆ ಇಂಗುಗುಂಡಿಯನ್ನು ಮನೆಯ ಹಿಂದಿನ ಧರೆಯ ಮೇಲೆ ತೋಡಿದರೆ ಅದೇ ನೀರು ಮನೆಯ ಪಾಯದ ಕಡೆಗೆ ತಿರುಗುತ್ತದೆ. ಅದಕ್ಕೆ ಜಾಗ ಮನೆಯಿಂದ ಕೆಳಗೆ, ತುಂಬಿದ ಮಣ್ಣಿನಿಂದ ದೂರ. ಸೆಪ್ಟಿಕ್ ಟ್ಯಾಂಕಿನ ನೀರಿಗೂ ಇದೇ ಮಾತು.

‘ತುಂಬಿದ ಮಣ್ಣು ಒಂದು ಮಳೆಗಾಲ ಕಳೆದರೆ ಕೂರುತ್ತದೆ’ ಎಂಬುದೂ ಅರ್ಧಸತ್ಯ. ಅರ್ಧ ಅಡಿಯಷ್ಟು ಪದರ ಪದರವಾಗಿ ಹದವಾದ ತೇವದಲ್ಲಿ ದಮ್ಮಸು ಮಾಡದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಮನೆಯ ಅರ್ಧ ಭಾಗ ಕಡಿದ ನೆಲದ ಮೇಲೆ, ಇನ್ನರ್ಧ ತುಂಬಿದ ಮಣ್ಣಿನ ಮೇಲೆ ನಿಂತರೆ ಒಂದು ಪಕ್ಕ ಮಾತ್ರ ಇಳಿದು ಗೋಡೆಯಲ್ಲಿ ಓರೆ ಬಿರುಕು ಮೂಡುತ್ತದೆ. ಪಾಯ ತುಂಬಿದ ಮಣ್ಣನ್ನು ದಾಟಿ ಮೂಲ ನೆಲ ಮುಟ್ಟಲೇಬೇಕು.

ವಾಸ್ತುವಿನ ಪ್ರಕಾರ ಪಡುವಣಕ್ಕೆ ಇಳಿದ ಸೈಟು ಆಗಿಬರುವುದಿಲ್ಲವೆಂದು ನೈಋತ್ಯಕ್ಕೆ ಲೋಡುಗಟ್ಟಲೆ ಮಣ್ಣು ಹೊಡೆಸುವವರಿದ್ದಾರೆ. ಪಶ್ಚಿಮ ಘಟ್ಟದಿಂದ ಕಡಲಿನವರೆಗೆ ಕರಾವಳಿಯ ನೆಲ ಒಟ್ಟಾರೆ ಇಳಿದಿರುವುದೇ ಪಡುವಣಕ್ಕೆ, ಅಲ್ಲಿ ತಲೆಮಾರುಗಳು ಬಾಳಿವೆ. ದೇವರಕೋಣೆಯ ದಿಕ್ಕನ್ನು ಮನೆಯವರ ಮನಸ್ಸಿನಂತೆ ಇಟ್ಟುಕೊಳ್ಳಬಹುದು. ಇಳಿಜಾರಿನ ತಗ್ಗಿನ ಅಂಚಿನಲ್ಲಿ ಮಣ್ಣು ಪೇರಿಸುವುದು ಮಾತ್ರ ಅಪಾಯ.

ಮೆಟ್ಟಿಲಿರುವ ಮನೆ ವಯಸ್ಸಾದವರಿಗೆ ಆಗದು ಎಂಬ ಆಕ್ಷೇಪಕ್ಕೆ ತೂಕವಿದೆ. ಗಾಲಿಕುರ್ಚಿಗೆ ಒಗ್ಗುವ ರ‍್ಯಾಂಪ್ 1 ಅಡಿ ಏರಲು 12 ಅಡಿ ಓಡಬೇಕು. 3 ಅಡಿಗೆ 36 ಅಡಿ. ಅಷ್ಟು ಜಾಗ ಸಣ್ಣ ಮನೆಯೊಳಗೆ ಸಿಗದು. ಉತ್ತರ ಇರುವುದು ಕೋಣೆಗಳ ಹಂಚಿಕೆಯಲ್ಲಿ. ರಸ್ತೆ ಯಾವ ಮಟ್ಟಕ್ಕೆ ಬರುತ್ತದೋ ಆ ಮಟ್ಟದಲ್ಲೇ ಅಡುಗೆಮನೆ, ಊಟದ ಜಾಗ, ಒಂದು ಬಚ್ಚಲು ಮತ್ತು ಅಜ್ಜ-ಅಜ್ಜಿಯ ಕೋಣೆ ಇರಲಿ. ಮಕ್ಕಳ ಕೋಣೆ, ಓದುವ ಜಾಗ, ಉಗ್ರಾಣ ಇನ್ನೊಂದು ಮಟ್ಟಕ್ಕೆ ಹೋಗಲಿ. ಹಿರಿಯರಿಗೆ ದಿನಕ್ಕೊಮ್ಮೆಯೂ ಮೆಟ್ಟಿಲು ತುಳಿಯುವ ಅಗತ್ಯ ಬೀಳದು.

ಸೈಟು ನೋಡಲು ಫೆಬ್ರವರಿ, ಮಾರ್ಚ್‌ನ ಬಿಸಿಲಿನಲ್ಲಿ ಹೋಗುವವರೇ ಹೆಚ್ಚು. ಆಗ ಎಲ್ಲ ಗುಡ್ಡವೂ ಸಾಧುವಾಗಿಯೇ ಕಾಣುತ್ತದೆ. ಮುಂಗಡ ಕೊಡುವ ಮೊದಲು ಜುಲೈನ ಜಡಿಮಳೆಯಲ್ಲಿ ಒಮ್ಮೆ ಕೊಡೆ ಹಿಡಿದು ಅಲ್ಲಿ ಒಂದು ಗಂಟೆ ನಿಲ್ಲಿ. ನೀರು ಎಲ್ಲಿಂದ ಒಳಬರುತ್ತದೆ, ಎಲ್ಲಿ ಹೊರಹೋಗುತ್ತದೆ ಎಂಬುದನ್ನು ಸೈಟಿನ ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ, ಆಮೇಲೆ ಅದನ್ನು ಎಂಜಿನಿಯರ್ ಕೈಗೆ ಕೊಡಿ.